ಎಳೆಜೋಳದ ಹೊರೆ

ನಾನು ದನದ ಡಾಕ್ಟರ್ ಅಲ್ಲ. ಡಾಕ್ಟರರ ಕೈಕೆಳಗೆ ಸೂಜಿ ಕುದಿಸುತ್ತ, ಔಷಧದ ಪೆಟ್ಟಿಗೆ ಹೊರುತ್ತ ನೌಕರಿ ಶುರು ಮಾಡಿ, ಕಡೆಗೆ ನಾನೇ ಸೂಜಿ ಚುಚ್ಚುವಷ್ಟಾಗಿ, ನರಗುಂದ, ರೋಣ, ಗಜೇಂದ್ರಗಡ ಅಂತ ಈ ಮೂರು ಊರುಗಳ ಸುತ್ತಲೇ ಮೂವತ್ತು ವರ್ಷ ತಿರುಗಿ ನಿವೃತ್ತನಾದವನು. ಆದರೆ ನಮ್ಮ ಕಡೆ ದನದ ಬಾಲ ಎತ್ತಿ ನೋಡುವವರೆಲ್ಲ ಡಾಕ್ಟರೇ. ನಮ್ಮೂರು ಸವಡಿಯಲ್ಲಿ ನನ್ನ ಹೆಸರು ಹೇಳಿ ಮನೆ ಕೇಳಿದರೆ ಅರ್ಧ ಊರಿಗೆ ತಿಳಿಯುವುದಿಲ್ಲ. ದನದ ಡಾಕ್ಟರ ಮನೆ ಅಂದರೆ ನಾಯಿ ಕೂಡ ಕರೆದುಕೊಂಡು ಬಂದು ಬಿಡುತ್ತದೆ.

ನಿವೃತ್ತಿಯಾದ ಮೇಲೆ ಸುಸ್ತು ಕಡಿಮೆಯಾದೀತು ಅಂದುಕೊಂಡಿದ್ದೆ. ಆಗಲಿಲ್ಲ. ಉಣ್ಣಲು ಕೂತರೆ ಫೋನು, ಮಲಗಿದರೆ ಬಾಗಿಲಲ್ಲಿ ಯಾರೋ. ಆಕಳು ಮೆಲುಕು ಹಾಕುತ್ತಿಲ್ಲ, ಕರುವಿಗೆ ಭೇದಿ ಹತ್ತಿದೆ, ಎಮ್ಮೆ ಹಾಲು ಏರಿಸಿಕೊಂಡಿದೆ. ನಾನು ಚಪ್ಪಲಿ ಮೆಟ್ಟುವಾಗ ಹೆಂಡತಿ ಒಳಗಿನಿಂದಲೇ ಅನ್ನುತ್ತಾಳೆ, "ಊರ ಉಸಾಬರಿ ಮಾಡಿ ಮುಲ್ಲಾ ಸೊರಗಿದ್ನಂತ. ಹೋಗ್ಬರ್ರಿ." ಆಕೆ ಅನ್ನುವುದು ಸುಳ್ಳಲ್ಲ. ಹೇಳಿದ್ದನ್ನೇ ಹೇಳಿ ಹೇಳಿ ನನ್ನ ನಾಲಿಗೆ ಸವೆದು ಹೋಗಿದೆ. ಅದರಲ್ಲೂ ಅತಿ ಹೆಚ್ಚು ಸಲ ಹೇಳಿದ ಮಾತೊಂದಿದೆ. ಅದನ್ನು ಹೇಳಲೇಬೇಕಾಗಿದ್ದ ದಿನ ನಾನು ಹೇಳಲಿಲ್ಲ. ಆ ದಿನದ ವಿಚಾರವನ್ನೇ ಇಲ್ಲಿ ಬರೆಯಲು ಕೂತಿದ್ದೇನೆ.

ನಮ್ಮಲ್ಲಿ ಜೋಳವೇ ಎಲ್ಲ. ಮನುಷ್ಯರಿಗೆ ರೊಟ್ಟಿ, ದನಕ್ಕೆ ಕಣಿಕೆ. ತೆನೆ ಮುರಿದು, ದಂಟು ಒಣಗಿಸಿ, ಬಣವೆ ಒಟ್ಟಿದರೆ ವರ್ಷಪೂರ್ತಿ ದನ ತಿಂದುಕೊಂಡು ಇರುತ್ತವೆ. ಆದರೆ ಇದೇ ಜೋಳ ಎಳೆಯದಿದ್ದಾಗ, ಇನ್ನೂ ಮೊಣಕಾಲ ಮಟ್ಟಕ್ಕೂ ಬಂದಿರದಾಗ, ತನ್ನೊಳಗೆ ವಿಷ ಇಟ್ಟುಕೊಂಡಿರುತ್ತದೆ. ಯಾರೂ ಸಿಂಪಡಿಸಿದ್ದಲ್ಲ, ಅದರ ಹುಟ್ಟಿನಲ್ಲೇ ಇರುವಂಥದ್ದು. ಮಳೆ ಕೈಕೊಟ್ಟು ಸಸಿ ಬಾಡಿದರೆ ಇನ್ನೂ ಹೆಚ್ಚು. ಬೆಳೆದಂತೆ ಇಳಿಯುತ್ತದೆ, ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿದರೆ ಹೋಗುತ್ತದೆ. ಹಸಿದ ದನ ಅದನ್ನು ಹಸಿಯಾಗಿ ಹೊಟ್ಟೆ ತುಂಬ ತಿಂದರೆ ಅರ್ಧ ತಾಸಿನಲ್ಲಿ ನೆಲ ಹಿಡಿಯುತ್ತದೆ.

ಇದು ನಮ್ಮ ರೈತರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಎಳೆಯ ಜೋಳದ ಹೊಲದಲ್ಲಿ ದನ ಬಿಡಬಾರದು ಅನ್ನುವುದು ಸಣ್ಣ ಹುಡುಗರಿಗೂ ಗೊತ್ತು. ಎಡವಟ್ಟು ಇರುವುದು ಬೇರೆ ಕಡೆ. ಹೊಲದಲ್ಲಿ ನಿಂತ ಪೈರಿನಲ್ಲಿ ಮಾತ್ರ ನಂಜು, ಬೇರು ಸಮೇತ ಕಿತ್ತ ಮೇಲೆ ಅದು ಬರೀ ಮೇವು, ಅಂತ ಒಂದು ನಂಬಿಕೆ. "ಬೇರ ಕಿತ್ತ ಮ್ಯಾಲ ನಂಜ ಎಲ್ಲೈತ್ರಿ?" ಅಂತ ನನಗೇ ತಿರುಗಿ ಕೇಳಿದವರು ಎಷ್ಟೋ ಜನ. ಕೊಣ್ಣೂರಿನ ಹತ್ತಿರ ಒಬ್ಬ ಮುದುಕ, ತನ್ನ ಎರಡೂ ಎತ್ತು ನೆಲದ ಮೇಲೆ ಕಾಲು ಬಡಿಯುತ್ತಿರುವಾಗ, ಈ ಮಾತನ್ನು ನನಗೆ ಹೇಳಿದ್ದ. ಒಂದು ಎತ್ತು ಉಳಿಯಿತು.

ಇದರ ಜೊತೆಗೆ ಹೊಲದ ಕೆಲಸದ ಒಂದು ರೂಢಿ ಸೇರಿಕೊಂಡಿದೆ. ಕಸ ತೆಗೆಯಲು, ದಟ್ಟ ಬಿದ್ದ ಸಾಲಿನಲ್ಲಿ ಸಸಿ ಕಿತ್ತು ತೆಳು ಮಾಡಲು ಹೆಣ್ಣಾಳುಗಳು ಬರುತ್ತಾರಲ್ಲ, ಅವರಿಗೆ ಪಗಾರ ಬೇರೆ, ಹೊರೆ ಬೇರೆ. ದಿನವಿಡೀ ಕಿತ್ತ ಹಸಿರನ್ನೆಲ್ಲ ಸಂಜೆ ಕಟ್ಟಿ, ತಲೆಯ ಮೇಲೆ ಸಿಂಬಿ ಇಟ್ಟು, ಮನೆಯ ದನಕ್ಕೆ ಒಯ್ಯುತ್ತಾರೆ. ಅದು ಅವರ ಹಕ್ಕು. ಹೊಲದ ಯಜಮಾನ ಬದುವಿನ ಹತ್ತಿರ ನಿಂತು ಒಬ್ಬೊಬ್ಬರ ಹೊರೆಯನ್ನೂ ಎತ್ತಿಕೊಡಬೇಕು. ಹಾಗೆ ಎತ್ತಿಕೊಡುವವನು ದೊಡ್ಡ ಮನಸ್ಸಿನವನು, ಎತ್ತಿಕೊಡದೆ ಮುಖ ತಿರುಗಿಸುವವನು ಜಿಪುಣ. ಬರುವ ವರ್ಷ ಯಾರ ಹೊಲಕ್ಕೆ ಹೋಗಬೇಕು, ಯಾರ ಹೊಲಕ್ಕೆ ಹೋಗಬಾರದು ಅನ್ನುವುದನ್ನು ಆ ಹೆಂಗಸರು ಬದುವಿನ ಮೇಲೆಯೇ ತೀರ್ಮಾನ ಮಾಡಿರುತ್ತಾರೆ.

ನಿವೃತ್ತಿಯಾದ ಮೊದಲನೇ ವರ್ಷ ನಾನು ಹೊಸ ಉಮೇದಿನಲ್ಲಿದ್ದೆ. ನಮ್ಮ ಹೊಲದಲ್ಲಿ ಹಿಂಗಾರಿ ಜೋಳ ತೆಳು ಮಾಡಿಸಿದ ಸಂಜೆ ಹೊರೆಗಳನ್ನು ನೋಡಿ, ಮೂವತ್ತು ವರ್ಷದ ಚಟ ಬಿಡದೆ, ಹೇಳಿಯೇ ಬಿಟ್ಟೆ.

"ಇದನ್ನ ಒಯ್ಯಬ್ಯಾಡ್ರಬೇ. ಎಳೀ ಜೋಳ ಐತಿ, ದನಕ್ಕ ನಂಜ ಆಗತೈತಿ."

ಆಳುಗಳ ಹಿರಿಯಳು, ಎಲ್ಲರಿಗೂ ಮುಂದಾಳಾಗಿ ಬರುವ ಮುದುಕಿ, ತಲೆಯ ಮೇಲಿದ್ದ ಹೊರೆಯನ್ನು ಕೆಳಗಿಟ್ಟಳು. ಗಂಟು ಬಿಚ್ಚಿದಳು. ಹುಲ್ಲನ್ನೆಲ್ಲ ಬದುವಿನ ಮೇಲೆ ಸುರಿದು, ತನ್ನ ಹಳೆಯ ಸೀರೆಯ ತುಂಡನ್ನು ಝಾಡಿಸಿ ಮಡಚಿಕೊಂಡಳು.

"ಹೊಲಾ ನಿಮ್ದು, ಹುಲ್ಲೂ ನಿಮ್ದು. ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ರಿ ಅಪ್ಪಾರ. ಇಸ ಅಂತ ಯಾಕಂತೀರಿ?"

ಮುಂದಿನ ವರ್ಷ ನನ್ನ ಹೊಲಕ್ಕೆ ಒಬ್ಬ ಹೆಂಗಸೂ ಬರಲಿಲ್ಲ. ಡಾಕ್ಟರ ಹೊಲದಲ್ಲಿ ಹುಲ್ಲಿಗೂ ಬರ ಅಂತ ಊರೆಲ್ಲ ಮಾತು. ನಾನೂ ಹೆಂಡತಿಯೂ ಕುಕ್ಕರುಗಾಲಲ್ಲಿ ಕೂತು ಕಸ ತೆಗೆದೆವು. ನಾಲ್ಕನೇ ದಿನ ಆಕೆ ಸೊಂಟ ಹಿಡಿದುಕೊಂಡು ಅಂದಳು, "ನಂಜ ಜೋಳದಾಗಿಲ್ಲ, ನಿಮ್ಮ ಬಾಯಾಗ ಐತಿ." ನನಗೆ ಸಿಟ್ಟು ಬಂತು.

ಅದರ ಮರುವರ್ಷ ನಾನೇ ಮನೆ ಮನೆಗೆ ಹೋಗಿ ಕರೆದೆ. ಬೇಕಾದಷ್ಟು ಹೊರೆ ಒಯ್ಯಿರಿ ಅಂದೆ. ಬಂದರು. ಆ ವರ್ಷ ಮಳೆ ಚಲೋ ಇತ್ತು. ಹೊಲದ ತುಂಬ ಹುಲ್ಲು, ಹೊರೆಯಲ್ಲಿ ಜೋಳ ಇದ್ದದ್ದು ಅಷ್ಟಕ್ಕಷ್ಟೇ. ಏನೂ ಆಗಲಿಲ್ಲ. ಅದರ ಮುಂದಿನ ವರ್ಷವೂ ಹಾಗೆಯೇ. ಡಾಕ್ಟರು ಕೈ ಬಿಚ್ಚಿದ್ದಾರೆ ಅಂತ ಒಳ್ಳೆಯ ಹೆಸರು ಬಂತು. ಆ ಹೆಸರು ನನಗೆ ಇಷ್ಟವೂ ಆಯಿತು, ಯಾಕೆ ಸುಳ್ಳು ಹೇಳಲಿ? ಬಾಯಿ ಮುಚ್ಚಿಕೊಂಡು ಬದುಕುವುದು ಎಷ್ಟು ಸಲೀಸು ಅನ್ನುವುದನ್ನು ನಾನು ಅರವತ್ತು ದಾಟಿದ ಮೇಲೆ ಕಲಿತೆ.

ಆ ಹೆಣ್ಣಾಳುಗಳಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಗಿನವಳೊಬ್ಬಳು. ಐವತ್ತರ ಆಸುಪಾಸು. ಗಂಡ ಗಾರೆ ಕೆಲಸದವನು. ನನ್ನನ್ನು ಅಣ್ಣ ಅನ್ನುತ್ತಾಳೆ, ಪಂಚಮಿಗೆ ಉಂಡಿ ಕಟ್ಟಿದರೆ ನನಗೆ ಅಂತ ನಾಲ್ಕು ಬೇರೆ ಇಡುತ್ತಾಳೆ. ಒಬ್ಬಳೇ ಮಗಳು, ಗಜೇಂದ್ರಗಡಕ್ಕೆ ಕೊಟ್ಟಿದ್ದಾಳೆ. ಈ ವರ್ಷ ಮಗಳು ಬಸುರಿ, ಚೊಚ್ಚಲು. ಇವಳ ಎಮ್ಮೆಯೂ ಗಬ್ಬ. ಎಮ್ಮೆಗೆ ಗಬ್ಬ ನಿಂತದ್ದನ್ನು ಕೈ ಹಾಕಿ ನೋಡಿ ಹೇಳಿದವನು ನಾನೇ. ಅವತ್ತಿನಿಂದ ಆಕೆಯ ಲೆಕ್ಕ ಶುರುವಾಗಿತ್ತು. ದಾರಿಯಲ್ಲಿ ಸಿಕ್ಕಾಗಲೆಲ್ಲ ಅದೇ ಮಾತು.

"ಎಮ್ಮಿ ಈಯೂದು, ಮಗಳು ಹಡಿಯೂದು ಒಂದ ತಿಂಗಳದಾಗ ಬರತೈತಿ ಅಣ್ಣಾರ. ನನ್ನ ಬಾಣಂತನದಾಗ ನಾ ಕರೇ ಚಾ ಕುಡದೇನಿ. ನನ್ನ ಮಗಳಿಗೆ ಹಂಗ ಆಗಗೊಡೂದಿಲ್ಲ. ಪಾಕೀಟ ಹಾಲೂ ಕುಡಸೂದಿಲ್ಲ. ಮನೀ ಎಮ್ಮೀ ಹಾಲ, ಮನೀ ತುಪ್ಪಾ."

"ಹಂಗಾರ ಎಮ್ಮಿಗೂ ಒಂದು ತೊಟ್ಟಲಾ ಕಟ್ಟು," ಅಂತ ನಾನು ಚೇಷ್ಟೆ ಮಾಡುತ್ತಿದ್ದೆ.

"ಕಟ್ಟಿದ್ರ ಏನಾತ್ರಿ? ಅದೂ ಮಗಳ ಇದ್ದಂಗ," ಅನ್ನುತ್ತಿದ್ದಳು. ಆ ಎಮ್ಮೆಯನ್ನು ಅವಳು ಕರುವಿದ್ದಾಗಿನಿಂದ ಸಾಕಿದ್ದಳು. ಈಯಲು ಇನ್ನು ಹದಿನೈದಿಪ್ಪತ್ತು ದಿನ ಇತ್ತು. ಕೆಚ್ಚಲು ಬಿಡಲು ಶುರುವಾಗಿತ್ತು.

ಈ ವರ್ಷ ಜೋಳ ಬಿತ್ತಿದ ಮೇಲೆ ಮಳೆ ಬರಲಿಲ್ಲ. ಎರೆ ಹೊಲ ಬಾಯಿ ಬಿಡತೊಡಗಿತು. ಇದ್ದ ಹಸಿಯಲ್ಲಿ ಒಂದಷ್ಟು ಸಸಿಯಾದರೂ ಬದುಕಲಿ ಅಂತ ತೆಳು ಮಾಡಿಸಲು ಐದು ಜನ ಹೆಂಗಸರನ್ನು ಕರೆದಿದ್ದೆ. ಬೆಳಗಿನಿಂದ ಬಿಸಿಲು. ಹುಲ್ಲು ಹುಟ್ಟಿರಲೇ ಇಲ್ಲ. ಕಿತ್ತದ್ದೆಲ್ಲ ಜೋಳವೇ, ಒಂದೆರಡು ಗೇಣು ಎತ್ತರದ್ದು, ಎಲೆ ಸುರುಳಿ ಸುತ್ತಿಕೊಂಡದ್ದು. ಸಂಜೆಗೆ ಐದು ಹೊರೆ ಕಟ್ಟಿಟ್ಟರು.

ನಾನು ಒಂದೊಂದಾಗಿ ಎತ್ತಿಕೊಟ್ಟೆ. ಮೊಣಕಾಲು ನೋಯುತ್ತಿದ್ದವು. ಲಗೂ ಮುಗಿದರೆ ಸಾಕಾಗಿತ್ತು. ಕೊನೆಗೆ ಬಂದವಳು ಅವಳು. ಎಮ್ಮೆ ತುಂಬಿದ್ದು ಅಂತ ಉಳಿದವರು ಆಕೆಯ ಹೊರೆಯನ್ನು ದೊಡ್ಡದಾಗಿ ಕಟ್ಟಿಕೊಟ್ಟಿದ್ದರು. ಎತ್ತುವಾಗ ನನ್ನ ಮುಖ ಹೊರೆಗೆ ತಾಗಿತು. ಒಂದು ಹುಲ್ಲಿನ ಎಸಳೂ ಇರಲಿಲ್ಲ. ಬಾಡಿದ ಎಳೆಜೋಳ, ಬರೀ ಎಳೆಜೋಳ. ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಬರೆದರೆ ಓದುವವರು ನಂಬಬಹುದು, ಆದರೆ ಗೊತ್ತಾಯಿತು. ಮುಂದಾಳು ಮುದುಕಿ ನಾಲ್ಕು ಹೆಜ್ಜೆ ಆಚೆ ನಿಂತು ನನ್ನನ್ನೇ ನೋಡುತ್ತಿದ್ದಳು. ಅಥವಾ ನೋಡುತ್ತಿದ್ದಾಳೆ ಅಂತ ನನಗೆ ಅನಿಸಿತು.

"ಎಮ್ಮಿ ದಿನಾ ತುಂಬೈತಿ," ಅಂದೆ. "ಸ್ವಲ್ಪ ನೋಡ್ಕೊಂಡು ಹಾಕಬೇ."

"ಇದ್ದದ್ದ ಒಂದ ಹೊರಿ ಅಣ್ಣಾರ, ಅದರಾಗ ಏನ ನೋಡ್ಕೊಂಡು ಹಾಕ್ಲಿ?" ಅಂತ ನಕ್ಕಳು. ಸಿಂಬಿ ಸರಿ ಮಾಡಿಕೊಂಡು ನಡೆದಳು.

ಇಡೀ ಮಾತು ಹೇಳಬಹುದಿತ್ತು. ಅಥವಾ ಏನೂ ಹೇಳದೆ ಇರಬಹುದಿತ್ತು. ಅರ್ಧ ಮಾತು ಆಡಿದ್ದು ಎಲ್ಲಕ್ಕಿಂತ ಕೆಟ್ಟದ್ದು. ಯಾಕಂದರೆ ಆ ಅರ್ಧ ಮಾತಿನ ಧೈರ್ಯದಲ್ಲಿ ನಾನು ಮನೆಗೆ ಬಂದು ಕಾಲು ತೊಳೆದುಕೊಂಡು, ಹೇಳಿದ್ದೇನಲ್ಲ ಅಂತ ಚಹಾ ಕುಡಿಯಲು ಕೂತೆ. ಕಣಿಕೆಯ ಜೊತೆ ಕಲಸಿ ಹಾಕುತ್ತಾಳೆ, ರಾತ್ರಿಯೆಲ್ಲ ಇಷ್ಟಿಷ್ಟೇ ಹಾಕುತ್ತಾಳೆ, ಅಂತ ನನ್ನ ಪಾಡಿಗೆ ನಾನೇ ಸಮಾಧಾನ ಹೇಳಿಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಅವಳ ಗಂಡ ಓಡಿ ಬಂದ. ಕೈಯಲ್ಲಿ ಸಿಮೆಂಟು ಇನ್ನೂ ಹಾಗೇ ಇತ್ತು.

"ಅಣ್ಣಾರ, ಲಗೂ ಬರ್ರಿ. ಎಮ್ಮಿ ಯಾಕೋ ತೂರಾಡಾಕತ್ತೈತಿ."

ಹೋಗುವಷ್ಟರಲ್ಲಿ ಅದು ಬಿದ್ದಿತ್ತು. ಬಾಯಿ ತೆರೆದು ಉಸಿರು ಎಳೆಯುತ್ತಿತ್ತು, ಬಾಯಲ್ಲಿ ನೊರೆ, ಮೈಯೆಲ್ಲ ಅದುರು. ಕಣ್ಣಿನ ರೆಪ್ಪೆ ಎಳೆದು ನೋಡಿದೆ. ಒಳಗೆ ಕೆಂಪು, ಕುಂಕುಮದಷ್ಟು ಕೆಂಪು. ಅದನ್ನು ನೋಡಿದ ಮೇಲೆ ಬೇರೆ ಏನನ್ನೂ ನೋಡುವ ಅಗತ್ಯ ಇರಲಿಲ್ಲ. ಗೋದಲಿಯಲ್ಲಿ ಹೊರೆಯ ಅರ್ಧ ಮಾತ್ರ ಉಳಿದಿತ್ತು.

ದವಾಖಾನೆಯ ಡಾಕ್ಟರರಿಗೆ ಫೋನು ಮಾಡಿದೆ. ಅವರು ಕೊಣ್ಣೂರಿನ ಕಡೆ, ಕರು ಅಡ್ಡ ಸಿಕ್ಕ ಆಕಳೊಂದರ ಹೆರಿಗೆಯಲ್ಲಿದ್ದರು. ಹೊರಡುತ್ತೇನೆ, ಒಂದು ತಾಸಾದರೂ ಬೇಕು ಅಂದರು. ಈ ವಿಷಕ್ಕೆ ಹೈಪೋ ಅನ್ನುವ ಹರಳು ಮದ್ದು. ಹಿಂದೆ ಫೋಟೋ ತೊಳೆಯುವವರ ಹತ್ತಿರ ಇರುತ್ತಿತ್ತು. ನೌಕರಿಯಲ್ಲಿದ್ದಾಗ ದವಾಖಾನೆಯ ಮದ್ದು ತೀರಿದರೆ ಸ್ಟುಡಿಯೋದಿಂದ ಕಾಗದದಲ್ಲಿ ಕಟ್ಟಿಸಿಕೊಂಡು ಓಡಿದ್ದುಂಟು. ರೋಣದ ಸ್ಟುಡಿಯೋದವನಿಗೆ ಫೋನು ಹಚ್ಚಿದೆ. "ಹೈಪೋ ಅಂದ್ರ ಏನ್ರಿ ಕಾಕಾ?" ಅಂದ. "ಈಗ ಎಲ್ಲಾ ಕಂಪ್ಯೂಟರ್‌ದಾಗ ರೀ. ನಮ್ಮಪ್ಪ ಇದ್ದಾಗ ಇಡತಿದ್ನೋ ಏನೋ." ಕಡೆಗೆ ಬೆಲ್ಲದ ನೀರು ಮಾಡಿಸಿದೆ. ಎಮ್ಮೆ ನುಂಗಲಿಲ್ಲ. ಬಾಯಿಯ ಬದಿಯಿಂದ ಹರಿದು ಹೋಯಿತು.

ಹೊಟ್ಟೆಯೊಳಗಿನ ಕರು ಒದೆಯುವುದು ಪಕ್ಕೆಯ ಮೇಲೆ ಕಾಣುತ್ತಿತ್ತು. ಅವಳು ಅಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು.

"ಹಾವ ಮುಟ್ಟೈತೇನ್ರಿ ಅಣ್ಣಾರ?"

ಹೌದು ಅನ್ನಬಹುದಿತ್ತು. ಊರೂ ನಂಬುತ್ತಿತ್ತು, ಅವಳೂ ನಂಬುತ್ತಿದ್ದಳು. ಹಾವಿನ ಮೇಲೆ ಹಾಕಿದರೆ ಹಾವು ಬಂದು ಇಲ್ಲ ಅನ್ನುವುದಿಲ್ಲ. ಆದರೆ ಇನ್ನೂ ನಾಲ್ಕು ಹೊರೆಗಳು ನಾಲ್ಕು ಮನೆ ಸೇರಿದ್ದವು.

"ಹಾವಲ್ಲವ್ವ. ಹೊರಿ. ಎಳೀ ಜೋಳದ ನಂಜು," ಅಂದೆ. ಅವಳ ಮುಖ ನೋಡಲು ನಿಲ್ಲದೆ ಎದ್ದು, ಆ ಮೊಣಕಾಲಲ್ಲೇ ಓಡಿದೆ. ಎರಡು ಮನೆಯಲ್ಲಿ ಹೊರೆ ಇನ್ನೂ ಬಿಚ್ಚಿರಲಿಲ್ಲ. ಒಂದು ಮನೆಯಲ್ಲಿ ಮೇಕೆಗೆ ಒಂದು ಹಿಡಿ ಹಾಕಿದ್ದರು, ಅದು ಬದುಕಿತು. ನಾಲ್ಕನೆಯದು ಮುಂದಾಳು ಮುದುಕಿಯ ಮನೆ. ಆಕೆ ಹೊರೆಯನ್ನು ಆಗತಾನೆ ಆಕಳ ಮುಂದೆ ಸುರಿಯುವುದರಲ್ಲಿದ್ದಳು. ಕಸಿದುಕೊಂಡು ಹೊರಗೆ ಎಸೆದೆ. ಎಮ್ಮೆಯ ಸುದ್ದಿ ಹೇಳಿದೆ. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹೊರಿ ಎತ್ತಿಕೊಡುಮುಂದ ಬಾಯಿಗೆ ಏನ ಬಡದಿತ್ರಿ ಅಪ್ಪಾರ?"

ಹೇಳಿದಾಗ ಜಿಪುಣ ಅಂದವಳು ನೀನೇ ಅಲ್ಲವೇನು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆಕೆ ಓದಿದವಳಲ್ಲ, ನೌಕರಿ ಮಾಡಿದವಳಲ್ಲ. ಸರಕಾರ ಮೂವತ್ತು ವರ್ಷ ಪಗಾರ ಕೊಟ್ಟದ್ದು ನನಗೆ. ನುಂಗಿಕೊಂಡು ತಿರುಗಿ ಬಂದೆ.

ಎಮ್ಮೆ ಸತ್ತಿತ್ತು. ಪಕ್ಕೆಯೂ ಅಲುಗುತ್ತಿರಲಿಲ್ಲ. ಅವಳ ಕೈ ಇನ್ನೂ ಅಲ್ಲೇ ಇತ್ತು. ಡಾಕ್ಟರರು ಬಂದು ನೋಡಿ, ನನಗೆ ಗೊತ್ತಿದ್ದದ್ದನ್ನೇ ಹೇಳಿ, ಗುಂಡಿ ಆಳ ತೆಗೆಸಿರಿ ಅಂದು ಹೋದರು. ಜನ ಕರಗಿದ ಮೇಲೆ ಅವಳು ಕೇಳಿದಳು, ದನಿ ಎತ್ತದೆ.

"ಎತ್ತಿಕೊಡುಮುಂದ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ರಿ?"

"ಹುಲ್ಲು ಕೊಡಾಕ ಮನಸಿಲ್ಲ ಅಂತೀರಿ ಅಂತ ಅಂಜಿದೆ."

ಅವಳು ಬೈದಿದ್ದರೆ ಬೈಸಿಕೊಂಡು ಮನೆಗೆ ಹೋಗಬಹುದಿತ್ತು. "ನಾ ಹಂಗ ಅಂತಿದ್ದಿಲ್ರಿ," ಅಂದಳು. ಆಮೇಲೆ ಎದ್ದು, ಗೋದಲಿಯಲ್ಲಿ ಉಳಿದದ್ದನ್ನು ಎರಡೂ ಕೈಯಿಂದ ಬಾಚಿ ಹೊರಗೆ ಹಾಕಿ, ಬೇಕಾಗಿರದಿದ್ದರೂ ಗೋದಲಿಯನ್ನು ತೊಳೆದಳು.

ಮರುದಿನ ಮುಂಜಾನೆ ಜೆಸಿಬಿ ತರಿಸಿ ನನ್ನ ಹೊಲದ ಮೂಲೆಯಲ್ಲೇ ಗುಂಡಿ ತೆಗೆಸಿದೆ. ಅವಳು ಬರಲಿಲ್ಲ, ಗಂಡ ಬಂದಿದ್ದ. ಮಣ್ಣು ಮುಚ್ಚುವ ತನಕ ಇಬ್ಬರೂ ಅಲ್ಲೇ ನಿಂತಿದ್ದೆವು.

ಕೆಲವು ದಿನಗಳಲ್ಲಿ ಮಗಳು ಗಜೇಂದ್ರಗಡದಿಂದ ತವರಿಗೆ ಬಂದಳು. ಹಡೆದಳು, ಹೆಣ್ಣು ಮಗು. ನಮ್ಮ ಮನೆಯಲ್ಲಿ ಹಾಲು ಕೊಡುವ ಎಮ್ಮೆ ಇದೆ. ಬಾಣಂತನ ಮುಗಿಯುವ ತನಕ ದಿನಾ ಹಾಲು ಕೊಟ್ಟು ಬರೋಣ ಅಂದೆ. ಹೆಂಡತಿ ಒಪ್ಪಿದಳು. "ಯಾರ ಕೈಯಾಗೂ ಕೊಟ್ಟ ಕಳಸಬ್ಯಾಡ್ರಿ, ನೀವ ಒಯ್ರಿ," ಅಂದಳು. ಈ ಸಲ ಗಾದೆ ಹೇಳಲಿಲ್ಲ.

ಮೊದಲನೇ ದಿನ ಅವಳು ಬಾಗಿಲಲ್ಲೇ "ಬ್ಯಾಡ್ರಿ" ಅಂದಳು. ಎರಡನೇ ದಿನವೂ ಅದೇ. ಅಂಗಡಿಯ ಪಾಕೀಟು ತರಿಸಿದ್ದು ಕಟ್ಟೆಯ ಮೇಲೆ ಕಾಣುತ್ತಿತ್ತು. ನಾನು ತಂಬಿಗೆ ಹಿಡಿದುಕೊಂಡು ಓಣಿಯಲ್ಲಿ ತಿರುಗಿ ಬರುವಾಗ ಎಲ್ಲರೂ ನೋಡಿದರು. ನೋಡಲಿ ಅಂತ ಬಿಟ್ಟೆ. ಮೂರನೇ ದಿನ ಒಳಗೆ ಕೂಸು ಅಳುತ್ತಿತ್ತು. ಅವಳು ಒಂದು ಪಾತ್ರೆ ಹಿಡಿದು ಹೊರಗೆ ಬಂದಳು, ಅದರ ಮೇಲೆ ತಾಟು ಮುಚ್ಚಿತ್ತು. ನಾನು ಹಾಲು ಸುರಿಯಲು ತಂಬಿಗೆ ಬಗ್ಗಿಸಿದೆ. ಅವಳು ತಾಟು ತೆಗೆಯಲಿಲ್ಲ.

"ಎಮ್ಮಿಗೆ ಏನ ಹಾಕೀರಿ ಅಣ್ಣಾರ?"

ಚುಚ್ಚಲು ಕೇಳಿದ್ದಲ್ಲ. ಮನೆಯಲ್ಲಿ ಬಾಣಂತಿ ಇದ್ದಾಳೆ, ಮೊಲೆ ಕುಡಿಯುವ ಕೂಸು ಇದೆ, ತಿಳಿದುಕೊಳ್ಳಬೇಕು, ಅದಕ್ಕೆ ಕೇಳಿದಳು. ಅಣ್ಣ ಅನ್ನುವುದನ್ನೂ ಬಿಟ್ಟಿರಲಿಲ್ಲ.

"ಒಣಾ ಕಣಿಕಿ," ಅಂದೆ. "ಹೋದ ವರ್ಷದ್ದು. ಸಂಜೀಕ ಒಂದಿಷ್ಟು ಹಿಂಡಿ."

"ಹಸೀದು?"

"ಹಸೀದು ಏನೂ ಇಲ್ಲವ್ವ."

ಆಗ ತಾಟು ತೆಗೆದಳು. ಇವತ್ತಿಗೆ ತಿಂಗಳಾಗುತ್ತ ಬಂತು. ದಿನಾ ಮುಂಜಾನೆ ಹೋಗುತ್ತೇನೆ, ದಿನಾ ಕೇಳುತ್ತಾಳೆ, ದಿನಾ ಹೇಳುತ್ತೇನೆ. ನಾನು ಪೂರ್ತಿ ಹೇಳಿ ಮುಗಿಸುವ ತನಕ ಅವಳು ಪಾತ್ರೆಯ ಮೇಲಿನ ಕೈ ತೆಗೆಯುವುದಿಲ್ಲ.